ಎಂಟು ನದಿಗಳ ಮಣೆ

‘ಮೇಷ್ಟ್ರೇ, ನಿವೃತ್ತಿಯ ನಂತರ ಹೊಸದಾಗಿ ಏನು ಕಲಿತಿರಿ?’ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಮಾಡುವುದನ್ನು ಕಲಿತೆ ಎಂದು ಇದುವರೆಗೆ ಉತ್ತರಿಸುತ್ತಿದ್ದೆ. ಕಳೆದ ಎರಡು ವರ್ಷಗಳಿಂದ ಆ ಉತ್ತರಕ್ಕೆ ಇನ್ನೊಂದನ್ನು ಸೇರಿಸಬಹುದಾಗಿದೆ. ಚದುರಂಗದಲ್ಲಿ ಬಿಳಿಯ ಕಾಯಿಗಳಿಂದ ಆಡುವಾಗ ಮೊದಲ ಎಂಟು ನಡೆಗಳನ್ನು ಹೇಗೆ ಇಡಬೇಕೆಂಬುದನ್ನು ಕ್ರಮಬದ್ಧವಾಗಿ ಅಭ್ಯಾಸ ಮಾಡಿದ್ದೇನೆ. ಎಪ್ಪತ್ತು ದಾಟಿದವನು ಎಂಟು ನಡೆಗಳನ್ನು ಕಲಿಯಲು ಎರಡು ವರ್ಷ ತೆಗೆದುಕೊಂಡನೆಂದರೆ ನಗು ಬರಬಹುದು. ನಡೆಗಳನ್ನು ಕಂಠಪಾಠ ಮಾಡಲು ಎರಡು ದಿನ ಸಾಕಾಗಿತ್ತು. ಉಳಿದ ಕಾಲವೆಲ್ಲ ಅವು ಯಾತಕ್ಕಾಗಿ ಎಂಬುದನ್ನು ತಿಳಿಯುವುದಕ್ಕೂ, ಅವನ್ನು ನನ್ನ ಅಣ್ಣನವರಿಗೆ ಒಪ್ಪಿಸುವುದಕ್ಕೂ ಹಿಡಿಯಿತು. ಆ ಕಥೆಯನ್ನು ಬಂಧುಗಳಲ್ಲಿ ಹಲವರು ಅರೆಬರೆಯಾಗಿ ಕೇಳಿದ್ದಾರೆ. ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಈ ಆರಂಭಕ್ಕೆ ‘ಲಂಡನ್ ಪದ್ಧತಿ’ ಎಂದು ಹೆಸರು. ೧೯೨೨ರಲ್ಲಿ ಲಂಡನ್ ನಗರದಲ್ಲಿ ನಡೆದ ದೊಡ್ಡ ಪಂದ್ಯಾವಳಿಯಲ್ಲಿ ಇದು ಹಲವು ಆಟಗಳಲ್ಲಿ ಕಾಣಿಸಿಕೊಂಡಿತು. ಆ ಪಂದ್ಯಾವಳಿಯನ್ನು ಗೆದ್ದವರು ಆಗಿನ ವಿಶ್ವಚಾಂಪಿಯನ್, ಕ್ಯೂಬಾದ ಕಪಬ್ಲಾಂಕಾ, ಎರಡನೆಯವರು ಅಲೆಖೈನ್. ಅದಕ್ಕಿಂತ ಹಿಂದೆಯೇ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಜೇಮ್ಸ್ ಮೇಸನ್ ಎಂಬ ಆಟಗಾರರು ಇದೇ ರೀತಿ ಒಂಟೆಯನ್ನು ಬೇಗ ಹೊರತಂದು ಆಡುತ್ತಿದ್ದರು. ಹೆಸರು ಮಾತ್ರ ಊರಿನದೇ ಉಳಿಯಿತು.

ನಮ್ಮ ಮನೆಯಲ್ಲಿ ಕಾಯಿಗಳಿಗೆ ಬಳಸುವ ಹೆಸರುಗಳನ್ನೇ ಇಲ್ಲಿ ಬಳಸುತ್ತೇನೆ: ರಾಜ, ಮಂತ್ರಿ, ಮೂಲೆಯಲ್ಲಿ ಆನೆ, ಅದರ ಪಕ್ಕ ಕುದುರೆ, ಅದರಾಚೆ ಓರೆಯಾಗಿ ಚಲಿಸುವ ಒಂಟೆ, ಮುಂದೆ ಎಂಟು ಕಾಲಾಳುಗಳು. ಲಂಡನ್ ಪದ್ಧತಿಯಲ್ಲಿ ಮಂತ್ರಿಯ ಮುಂದಿನ ಕಾಲಾಳು ಮೊದಲು ಎರಡು ಮನೆ ನಡೆದು ಮಣೆಯ ನಡುವನ್ನು ಹಿಡಿಯುತ್ತದೆ. ಅನಂತರ ಮಂತ್ರಿಯ ಪಕ್ಕದ ಒಂಟೆ ಓರೆಯಾಗಿ ಹೊರಬಂದು ನಾಲ್ಕನೆಯ ಸಾಲಿನಲ್ಲಿ ನಿಲ್ಲುತ್ತದೆ. ಆಮೇಲೆ ರಾಜನ ಮುಂದಿನ ಕಾಲಾಳು ಒಂದೇ ಮನೆ ನಡೆಯುತ್ತದೆ. ಆ ಪಕ್ಕದಲ್ಲಿ ಇನ್ನೊಂದು ಕಾಲಾಳು ಒಂದು ಮನೆ ಬಂದು, ನಡುವಿನ ಕಾಲಾಳಿಗೆ ಎರಡೂ ಕಡೆಯಿಂದ ಆಸರೆಯಾಗುತ್ತದೆ. ಮೂರು ಕಾಲಾಳುಗಳು ಸೇರಿ ಮನೆಯ ಮಾಡಿನಂತಹ ಆಕಾರವಾಗುತ್ತದೆ. ಕುದುರೆಗಳೆರಡೂ, ಉಳಿದ ಒಂಟೆಯೂ ಆ ಮಾಡಿನ ಸುತ್ತ ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ಕೊನೆಗೆ ರಾಜ ಮೂಲೆಯ ಕೋಟೆಗೆ ಸೇರುತ್ತಾನೆ. ಎದುರಾಳಿ ಏನೇ ಆಡಿದರೂ ಸಾಮಾನ್ಯವಾಗಿ ಇದೇ ಚಿತ್ರ ಸಿದ್ಧವಾಗುತ್ತದೆ. ಅದಕ್ಕಾಗಿಯೇ ಇದನ್ನು ಪದ್ಧತಿ ಎನ್ನುತ್ತಾರೆ.

ಇದರಲ್ಲಿ ಕ್ರಮವೊಂದಿದೆ. ಒಂಟೆ ಮೊದಲು ಹೊರಡಬೇಕು, ರಾಜನ ಮುಂದಿನ ಕಾಲಾಳು ಅನಂತರ ನಡೆಯಬೇಕು. ಹಿಂದುಮುಂದಾದರೆ ಒಂಟೆ ತನ್ನದೇ ಕಾಲಾಳುಗಳ ಹಿಂದೆ ಸಿಕ್ಕಿಕೊಳ್ಳುತ್ತದೆ. ಬೆಲ್ಜಿಯಂ ದೇಶದ ಎಡ್ಗಾರ್ ಕೋಲ್ ಎಂಬವರ ಹೆಸರಿನ ಇನ್ನೊಂದು ಪದ್ಧತಿಯಲ್ಲಿ ಒಂಟೆಯನ್ನು ಬೇಕೆಂದೇ ಒಳಗಿಟ್ಟು, ಮುಂದೆ ಬಾಗಿಲು ತೆರೆದಾಗ ಹೊರತರುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ. ಆದರೆ ಆಟದ ಸ್ವರೂಪವೇ ಬದಲಾಗುತ್ತದೆ.

ಅಣ್ಣನವರಿಗೂ ನನಗೂ ಆಟ ಕಲಿಸಿದವರು ನಮ್ಮ ತಾತ. ಅವರು ಕಲಿಸಿದ್ದು ಹಳೆಯ ನಾಡಪದ್ಧತಿ. ಅದರಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯಬೇಕು. ಕೋಟೆ ಕಟ್ಟುವ ನಡೆಯಿಲ್ಲ. ಬದಲಿಗೆ ರಾಜ ಒಮ್ಮೆ ಮಾತ್ರ, ಅದುವರೆಗೆ ಚೆಕ್ ಬೀಳದಿದ್ದರೆ, ಕುದುರೆಯಂತೆ ಹಾರಬಹುದು. ಹೀಗಾಗಿ ಎರಡು ಸೈನ್ಯಗಳು ಎದುರಾಗುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು. ಮೊದಲು ವ್ಯೂಹ, ಆಮೇಲೆ ಯುದ್ಧ. ಪಂಜಾಬಿನ ಸುಲ್ತಾನ್ ಖಾನ್ ಇದೇ ಬಗೆಯ ನಿಯಮಗಳಲ್ಲಿ ಬೆಳೆದು, ೧೯೨೯ರಲ್ಲಿ ಇಂಗ್ಲೆಂಡಿಗೆ ಹೋಗಿ, ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. ೧೯೩೨ ಮತ್ತು ೧೯೩೩ರಲ್ಲಿ ಮತ್ತೆ ಗೆದ್ದರು. ೧೯೩೦–೩೧ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಬಿಳಿಯ ಕಾಯಿಗಳಿಂದ ಆಡಿ ಕಪಬ್ಲಾಂಕಾ ಅವರನ್ನೇ ಸೋಲಿಸಿದರು. ಅವರು ತೀರಿಕೊಂಡದ್ದು ೧೯೬೬ರಲ್ಲಿ. ವಿಶ್ವ ಚದುರಂಗ ಸಂಸ್ಥೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು ೨೦೨೪ರಲ್ಲಿ. ಲಂಡನ್ ಪದ್ಧತಿಯನ್ನು ಮೊದಲ ಸಲ ಮಣೆಯ ಮೇಲೆ ಜೋಡಿಸಿ ನೋಡಿದಾಗ ನನಗೆ ತಾತನ ಆಟದ ನೆನಪೇ ಬಂದಿತು. ಹೆಸರು ಪರದೇಶದ್ದಾದರೂ ನಡಿಗೆ ಪರಿಚಿತವಾಗಿತ್ತು.

ಅಣ್ಣನವರು ಮಾತ್ರ ತಾತನ ಆಟವನ್ನು ಕಾಲೇಜು ಸೇರಿದ ವರ್ಷವೇ ಬಿಟ್ಟವರು. ಅವರಿಗೆ ಹೊಸ ನಿಯಮಗಳ ವೇಗ ಹಿಡಿಸಿತು. ರಾಜನ ಕಾಲಾಳನ್ನು ಎರಡು ಮನೆ ದಾಟಿಸಿ, ಅದರ ಪಕ್ಕದ ಕಾಲಾಳನ್ನು ಎದುರಾಳಿಯ ಬಾಯಿಗೆ ಕೊಟ್ಟು, ಆ ಬಲಿಯ ಬೆಲೆಗೆ ದಾಳಿಯನ್ನು ಪಡೆಯುವ ‘ಕಿಂಗ್ಸ್ ಗ್ಯಾಂಬಿಟ್’ ಅವರ ಅಚ್ಚುಮೆಚ್ಚಿನ ಆರಂಭ. ಭೂಮಾಪನದ ಕೆಲಸದಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ವರ್ಗವಾಗಿ ಹೋದಾಗಲೂ ಅವರ ಸಾಮಾನಿನಲ್ಲಿ ಮಣೆಯೊಂದು ಇರುತ್ತಿತ್ತು. ಸೋತರೂ ಗೆದ್ದರೂ ಇಪ್ಪತ್ತೈದು ನಡೆಗಳೊಳಗೆ ಮುಗಿಯಬೇಕು. ‘ಕಾದು ಕೂರುವುದಕ್ಕೆ ಕಚೇರಿ ಇದೆಯಲ್ಲ’ ಎನ್ನುತ್ತಿದ್ದರು.

ಅವರ ಕಣ್ಣಿಗೆ ಗ್ಲಾಕೋಮಾ ಬಂದಿದೆಯೆಂದು ತಿಳಿದದ್ದು ತಡವಾಗಿ. ಇದು ಕಣ್ಣಿನಿಂದ ಮಿದುಳಿಗೆ ಹೋಗುವ ನರವನ್ನು ಸದ್ದಿಲ್ಲದೆ ಕೆಡಿಸುವ ಕಾಯಿಲೆ. ಸಾಮಾನ್ಯವಾಗಿ ಮೊದಲು ಪಕ್ಕದ ನೋಟ ಹೋಗುತ್ತದೆ, ನಡುವಿನ ನೋಟ ಬಹುಕಾಲ ಉಳಿಯುತ್ತದೆ. ಆದ್ದರಿಂದ ರೋಗಿಗೆ ಗೊತ್ತೇ ಆಗುವುದಿಲ್ಲ. ಔಷಧದ ಹನಿಗಳು ಒತ್ತಡವನ್ನು ಇಳಿಸಿ ಮುಂದಿನ ನಷ್ಟವನ್ನು ತಡೆಯಬಲ್ಲವು, ಹೋದ ನೋಟವನ್ನು ಮರಳಿಸಲಾರವು. ನಲವತ್ತು ದಾಟಿದ ನನ್ನ ವಿದ್ಯಾರ್ಥಿಗಳೆಲ್ಲರೂ, ಅದರಲ್ಲೂ ಮನೆತನದಲ್ಲಿ ಈ ಕಾಯಿಲೆ ಇರುವವರು, ಕಣ್ಣಿನ ಒತ್ತಡವನ್ನು ಪರೀಕ್ಷಿಸಿಕೊಳ್ಳಬೇಕೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಅಣ್ಣನವರಿಗೆ ಮಣೆಯ ಅಂಚುಗಳು ಮೊದಲು ಮಾಯವಾದವು. ಮೂಲೆಯ ಆನೆಗಳು ಎಲ್ಲಿವೆ ಎಂದು ತಲೆಯನ್ನು ಅತ್ತಿತ್ತ ತಿರುಗಿಸಿ ಹುಡುಕುವಂತಾಯಿತು. ಕೆಲವು ವರ್ಷಗಳಲ್ಲಿ ನಡುವಿನ ಮನೆಗಳೂ ಮಸುಕಾದವು. ಒಂದು ದಿನ ಮಣೆಯನ್ನು ಮಡಿಸಿ, ‘ಇದನ್ನು ಮಕ್ಕಳಿಗೆ ಕೊಟ್ಟುಬಿಡು’ ಎಂದು ಅತ್ತಿಗೆಯವರ ಕೈಗಿತ್ತರಂತೆ. ಅತ್ತಿಗೆ ಅದನ್ನು ಯಾರಿಗೂ ಕೊಡದೆ ಬೀರುವಿನಲ್ಲಿಟ್ಟು ನನಗೆ ಫೋನು ಮಾಡಿದರು.

ಆಟ ನಿಂತದ್ದಕ್ಕಿಂತ ಹೆಚ್ಚಾಗಿ ಅತ್ತಿಗೆಯವರನ್ನು ಹೆದರಿಸಿದ್ದು ಮಾತು ನಿಂತದ್ದು. ರೇಡಿಯೋ ಹಾಕಿದರೆ ಆರಿಸುತ್ತಾರೆ, ಯಾರಾದರೂ ಬಂದರೆ ನಿದ್ರೆ ಬಂದಂತೆ ಮಲಗುತ್ತಾರೆ ಎಂದರು. ನಾವಿಬ್ಬರೂ ಐವತ್ತಕ್ಕೂ ಹೆಚ್ಚು ವರ್ಷ ಒಬ್ಬರಿಗೊಬ್ಬರು ಎದುರಾಗಿ ಕುಳಿತವರು. ಮಣೆಯಿಲ್ಲದೆ ಎದುರು ಕುಳಿತರೆ ಆರೋಗ್ಯ ವಿಚಾರಿಸುವುದಲ್ಲದೆ ಬೇರೆ ಮಾತಿರಲಿಲ್ಲ. ಆರೋಗ್ಯ ವಿಚಾರಿಸುವವರು ಅವರಿಗೆ ಬೇಕಾಗಿರಲಿಲ್ಲ.

ಕಣ್ಣಿಲ್ಲದೆ ಆಡುವವರು ಇದ್ದಾರೆಂಬುದು ನನಗೆ ಗೊತ್ತಿತ್ತು. ನಮ್ಮ ಶಿವಮೊಗ್ಗದ ಕಡೆಯ ಕಿಶನ್ ಗಂಗೊಳ್ಳಿ ಅಂಧರ ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನು ಹಲವು ಬಾರಿ ಗೆದ್ದವರು. ಅಂಥವರು ಎಳೆಯ ವಯಸ್ಸಿನಿಂದ ಬೆರಳುಗಳಿಂದಲೇ ಕಲಿತಿರುತ್ತಾರೆ. ಎಪ್ಪತ್ತೈದರ ಮೇಲೆ ಬೆರಳುಗಳಿಗೆ ಹೊಸ ವಿದ್ಯೆ ಕಲಿಸುವುದು ಬೇರೆ ಮಾತು. ಕಿಂಗ್ಸ್ ಗ್ಯಾಂಬಿಟ್ಟಿನಂತಹ ಆರಂಭದಲ್ಲಂತೂ ಐದನೆಯ ನಡೆಗೇ ಕಾಯಿಗಳು ಚೆಲ್ಲಾಪಿಲ್ಲಿಯಾಗಿ, ಪ್ರತಿ ಆಟವೂ ಹೊಸ ಕಾಡಿನಂತಾಗುತ್ತದೆ.

ಇಲ್ಲಿ ನನ್ನ ಸಹಾಯಕ್ಕೆ ಬಂದದ್ದು ಶಿಕ್ಷಕರ ತರಬೇತಿಯ ಕಾಲದಲ್ಲಿ ಕೇಳಿದ್ದ ಒಂದು ಪಾಠ. ಡಚ್ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ ಸ್ವತಃ ಒಳ್ಳೆಯ ಚದುರಂಗ ಆಟಗಾರರು. ನಿಜವಾದ ಆಟವೊಂದರ ಸ್ಥಿತಿಯನ್ನು ಕೆಲವೇ ಕ್ಷಣ ತೋರಿಸಿದರೆ ನುರಿತ ಆಟಗಾರರು ಅದನ್ನು ಬಹುಮಟ್ಟಿಗೆ ಹಾಗೆಯೇ ಮತ್ತೆ ಜೋಡಿಸಬಲ್ಲರೆಂದು ಅವರು ತೋರಿಸಿದರು. ೧೯೭೩ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಆ ಪ್ರಯೋಗವನ್ನು ಮುಂದುವರಿಸಿದರು. ಕಾಯಿಗಳನ್ನು ಅರ್ಥವಿಲ್ಲದೆ ಮಣೆಯ ಮೇಲೆ ಹರಡಿದಾಗ ನುರಿತವರ ಮೇಲುಗೈ ಬಹುತೇಕ ಇಲ್ಲವಾಯಿತು. ಅಂದರೆ ಅವರು ಒಂದೊಂದೇ ಕಾಯಿಯನ್ನು ನೆನಪಿಡುತ್ತಿರಲಿಲ್ಲ. ನಾಲ್ಕೈದು ಕಾಯಿಗಳ ಪರಿಚಿತ ಗುಂಪನ್ನು ಒಂದು ಪದದಂತೆ ಓದುತ್ತಿದ್ದರು. ‘ಕರ್ನಾಟಕ’ ಎಂಬುದನ್ನು ನಾವು ನಾಲ್ಕು ಅಕ್ಷರಗಳಾಗಿ ಓದುವುದಿಲ್ಲವಲ್ಲ, ಹಾಗೆ. ಬಿಳಿಯ ಅರ್ಧ ಮಣೆ ಪ್ರತಿ ಆಟದಲ್ಲೂ ಒಂದೇ ಚಿತ್ರವಾಗಿದ್ದರೆ, ಅಣ್ಣನವರು ನೆನಪಿಡಬೇಕಾದ್ದು ಎದುರಾಳಿಯ ಅರ್ಧ ಮಾತ್ರ. ಅಂತಹ ಆರಂಭ ಯಾವುದೆಂದು ಹುಡುಕಿ ಹೊರಟಾಗ ಸಿಕ್ಕಿದ್ದು ಲಂಡನ್ ಪದ್ಧತಿ.

ಕಲಿಸುವವನು ಮೊದಲು ಕಲಿಯಬೇಕು. ನಾಲ್ಕು ತಿಂಗಳು ನಾನೊಬ್ಬನೇ ಅಭ್ಯಾಸ ಮಾಡಿದೆ. ನೋಟ್‌ಬುಕ್ಕೊಂದರಲ್ಲಿ ಪ್ರತಿ ನಡೆಯ ಎದುರು ‘ಯಾಕೆ?’ ಎಂದು ಬರೆದು ಉತ್ತರ ತುಂಬುತ್ತಾ ಹೋದೆ. ತರಗತಿಯಲ್ಲಿ ನಿಮ್ಮಿಂದ ಬರೆಸುತ್ತಿದ್ದ ‘ಕಾರಣ ಕೊಡಿ’ ಪ್ರಶ್ನೆಗಳ ಹಾಗೆಯೇ. ಕಪ್ಪಿನ ಮಂತ್ರಿ ಬೇಗ ಹೊರಬಂದು ನಮ್ಮ ಒಂಟೆ ಬಿಟ್ಟುಬಂದ ಕಡೆಯ ಕಾಲಾಳಿಗೆ ಗುರಿಯಿಟ್ಟರೆ, ನಮ್ಮ ಮಂತ್ರಿಯೂ ಅದೇ ಸಾಲಿಗೆ ಬಂದು ಎದುರು ನಿಲ್ಲಬೇಕು. ಹೊರಗಿರುವ ಒಂಟೆಯನ್ನು ಕಪ್ಪಿನ ಕುದುರೆ ಅಟ್ಟಿಸಿಕೊಂಡು ಬರುವ ಸಂಭವವಿದ್ದರೆ, ಅಂಚಿನ ಕಾಲಾಳನ್ನು ಒಂದು ಮನೆ ಸರಿಸಿ ಒಂಟೆಗೆ ಹಿಂದೆ ಸರಿಯಲು ಕಿಂಡಿ ಮಾಡಿಕೊಡಬೇಕು. ಕಪ್ಪು ತನ್ನ ಒಂಟೆಯನ್ನು ಮೂಲೆಯ ಓರೆಯಲ್ಲಿ ಕೂರಿಸಿದರೆ ನಮ್ಮ ಎರಡನೆಯ ಒಂಟೆ ಮುಂದೆ ನಿಲ್ಲುವುದಕ್ಕಿಂತ ರಾಜನ ಮುಂದೆಯೇ ಸಾಧಾರಣವಾಗಿ ನಿಲ್ಲುವುದು ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ಐದನೆಯ ಸಾಲಿನ ನಡುಮನೆಯಲ್ಲಿ ಒಂದು ಕುದುರೆಯನ್ನು ನೆಲೆಗೊಳಿಸುವುದು ಈ ವ್ಯೂಹದ ಗುರಿ. ಆ ಕುದುರೆಗೆ ಕಾಲಾಳಿನ ಆಸರೆಯೂ, ಹಿಂದಿನಿಂದ ಒಂಟೆಯ ಆಸರೆಯೂ ದೊರೆಯುತ್ತವೆ.

ಇಷ್ಟನ್ನು ಹೊತ್ತುಕೊಂಡು ಅಣ್ಣನವರಲ್ಲಿಗೆ ಹೋದೆ. ಜೊತೆಗೆ ಅಂಧರ ಮಣೆಯೊಂದನ್ನು ತರಿಸಿ ಒಯ್ದಿದ್ದೆ. ಅದರಲ್ಲಿ ಕಪ್ಪು ಮನೆಗಳು ತುಸು ಎತ್ತರವಾಗಿರುತ್ತವೆ. ಪ್ರತಿ ಮನೆಗೂ ಒಂದು ತೂತು, ಪ್ರತಿ ಕಾಯಿಗೂ ಬುಡದಲ್ಲಿ ಒಂದು ಮೊಳೆ. ತಡವಿದಾಗ ಕಾಯಿ ಬೀಳುವುದಿಲ್ಲ. ಕಪ್ಪು ಕಾಯಿಗಳ ನೆತ್ತಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಗುರುತಿರುತ್ತದೆ.

ಅಣ್ಣನವರು ಮಣೆಯನ್ನು ಮುಟ್ಟಲಿಲ್ಲ. ನಾನು ಎಂಟು ನಡೆಗಳನ್ನು ವಿವರಿಸಿ ಮುಗಿಸಿದ ಮೇಲೆ, ‘ಇದು ಪಿಂಚಣಿದಾರರ ಆಟ ಕಣಯ್ಯಾ’ ಎಂದರು.

‘ನಾವಿಬ್ಬರೂ ಪಿಂಚಣಿದಾರರೇ ಅಲ್ಲವೇ ಅಣ್ಣಾ?’ ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀನು ನನಗೆ ಗೆಲ್ಲಿಸಿ ಕಳಿಸುವುದಕ್ಕೆ ಬಂದಿದ್ದರೆ ಈಗಲೇ ಎದ್ದು ಹೋಗು’ ಎಂದರು.

‘ಇಲ್ಲ. ಒಂದು ನಡೆಯನ್ನೂ ಬಿಟ್ಟುಕೊಡುವುದಿಲ್ಲ.’

‘ಹಿಂದಕ್ಕೆ ತೆಗೆದುಕೊಳ್ಳುವುದಕ್ಕೂ ಬಿಡಬಾರದು.’

‘ಬಿಡುವುದಿಲ್ಲ.’

ಆ ಮಾತಿನ ಮೇಲೆ ಅವರು ಕೈ ಚಾಚಿದರು. ಆ ದಿನ ನಾವು ಮೂರು ಆಟ ಆಡಿದೆವು. ಮೂರರಲ್ಲೂ ಅವರು ಸೋತರು. ಒಳಕೋಣೆಯಲ್ಲಿದ್ದ ಅತ್ತಿಗೆಯವರಿಗೆ ನನ್ನ ಮೇಲೆ ಕೋಪ ಬಂದಿತ್ತೆಂದು ಕಾಫಿಯ ಲೋಟವನ್ನು ಇಟ್ಟ ಸದ್ದಿನಿಂದಲೇ ತಿಳಿಯಿತು. ಅಣ್ಣನವರು ಮಾತ್ರ ನಾನು ಹೊರಡುವಾಗ, ‘ಎರಡನೇ ಆಟದಲ್ಲಿ ಆ ಕುದುರೆ ಎಲ್ಲಿಂದ ಬಂತು ಹೇಳು’ ಎಂದು ಬಾಗಿಲಿನವರೆಗೂ ಕೇಳುತ್ತಾ ಬಂದರು. ಬಹಳ ದಿನಗಳ ಮೇಲೆ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.

ನಮ್ಮ ಊರುಗಳ ನಡುವೆ ಮೂರು ಗಂಟೆಯ ಬಸ್ಸಿನ ಹಾದಿ. ದಿನವೂ ಹೋಗಿಬರಲಾಗದು. ಫೋನಿನಲ್ಲಿ ಆಡುವುದೆಂದು ನಿಶ್ಚಯಿಸಿದೆವು. ಆಗ ಹೊಸದೊಂದು ತೊಂದರೆ ತಲೆದೋರಿತು. ಮಣೆಯ ಎಂಟು ಕಂಬಸಾಲುಗಳಿಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂಬ ಅಕ್ಷರಗಳು. ಅಡ್ಡಸಾಲುಗಳಿಗೆ ಒಂದರಿಂದ ಎಂಟರವರೆಗೆ ಅಂಕಿಗಳು. ಬಿ, ಸಿ, ಡಿ, ಇ, ಜಿ ಇವೆಲ್ಲ ಫೋನಿನಲ್ಲಿ ಒಂದೇ ತರಹ ಕೇಳಿಸುತ್ತವೆ. ಅಂಧ ಆಟಗಾರರ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಇದಕ್ಕಾಗಿ ಆನಾ, ಬೆಲ್ಲಾ, ಸೀಸರ್, ಡೇವಿಡ್, ಇವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್ ಎಂಬ ಹೆಸರುಗಳನ್ನು ಬಳಸುತ್ತಾರೆ. ಅಣ್ಣನವರಿಗೆ ಅವು ರುಚಿಸಲಿಲ್ಲ. ‘ನೀನು ಭೂಗೋಳದ ಮೇಷ್ಟ್ರು, ನಾನು ಸರ್ವೇಯರ್. ನಮಗೆ ಈ ಗುಸ್ತಾವ್ ಯಾರು?’ ಎಂದರು. ಆ ಸಂಜೆಯೇ ಫೋನಿನಲ್ಲಿ ಎಂಟು ನದಿಗಳನ್ನು ಆರಿಸಿದೆವು: ಅರ್ಕಾವತಿ, ಭದ್ರಾ, ಚಿತ್ರಾವತಿ, ದಂಡಾವತಿ, ಎಣ್ಣೆಹೊಳೆ, ಫಲ್ಗುಣಿ, ಘಟಪ್ರಭಾ, ಹೇಮಾವತಿ.

ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಇವುಗಳ ಜಾಗ ಹೇಳಬೇಕಾಗಿಲ್ಲ. ಸೊರಬದ ದಂಡಾವತಿಯೂ ಕಾರ್ಕಳದ ಎಣ್ಣೆಹೊಳೆಯೂ ಪರೀಕ್ಷೆಯಲ್ಲಿ ಬರುವ ನದಿಗಳಲ್ಲ. ಅವನ್ನು ಸೂಚಿಸಿದವರು ಅಣ್ಣನವರು. ಅಳತೆಯ ಸರಪಳಿ ಹಿಡಿದು ಆ ದಂಡೆಗಳಲ್ಲಿ ನಡೆದವರು ಅವರು. ಅಂದಿನಿಂದ ನಮ್ಮ ಆಟ ‘ದಂಡಾವತಿ ನಾಲ್ಕು’ ಎಂದು ಶುರುವಾಗುತ್ತದೆ. ‘ಒಂಟೆ ಫಲ್ಗುಣಿ ನಾಲ್ಕು’ ಎಂಬುದು ಎರಡನೆಯ ನಡೆ. ‘ಎಣ್ಣೆಹೊಳೆ ಮೂರು, ಚಿತ್ರಾವತಿ ಮೂರು’ ಎಂದರೆ ಮಾಡು ಸಿದ್ಧ. ಪಕ್ಕದ ಮನೆಯವರು ನಮ್ಮನ್ನು ನೀರಾವರಿ ಇಲಾಖೆಯವರೆಂದು ತಿಳಿದರೂ ಆಶ್ಚರ್ಯವಿಲ್ಲ.

ಆರು ತಿಂಗಳಾಗುವ ಹೊತ್ತಿಗೆ ಅಣ್ಣನವರು ಬಿಳಿಯ ಕಡೆಯನ್ನು ತಡವಿ ನೋಡುವುದನ್ನೇ ನಿಲ್ಲಿಸಿದರು. ಬೆರಳುಗಳು ಕಪ್ಪಿನ ಕಡೆಗೆ ಮಾತ್ರ ಹೋಗುತ್ತಿದ್ದವು. ‘ನನ್ನ ಮನೆಯಲ್ಲಿ ದೀಪವಿಲ್ಲದೆ ಓಡಾಡಬಲ್ಲೆ. ಬೀದಿಗೆ ಮಾತ್ರ ಕೋಲು ಬೇಕು’ ಎಂದರು. ಡಿ ಗ್ರೂಟರ ಪ್ರಯೋಗವನ್ನು ಇದಕ್ಕಿಂತ ಚೆನ್ನಾಗಿ ನಾನು ಯಾವ ತರಗತಿಯಲ್ಲೂ ವಿವರಿಸಲಾರೆ.

ಕಳೆದ ಬೇಸಿಗೆಯ ರಜೆಯಲ್ಲಿ ಅವರ ಮೊಮ್ಮಗ ಬಂದಿದ್ದ. ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಮೊಬೈಲಿನಲ್ಲಿ ಮೂರು ನಿಮಿಷದ ಆಟಗಳನ್ನು ಆಡಿ ಪಳಗಿದವನು. ‘ತಾತ, ಲಂಡನ್ ಆಡ್ತೀರಾ? ಅದು ಬೋರ್’ ಎಂದನಂತೆ. ಆ ಆಟವನ್ನು ಅಣ್ಣನವರು ನನಗೆ ಅದೇ ರಾತ್ರಿ ನೆನಪಿನಿಂದಲೇ ಒಪ್ಪಿಸಿದರು. ಆಸಕ್ತಿಯಿದ್ದವರು ಮಣೆಯ ಮೇಲೆ ಇಟ್ಟು ನೋಡಬಹುದು.

ಬಿಳಿಯ ಏಳು ನಡೆಗಳು ಕ್ರಮವಾಗಿ: ದಂಡಾವತಿ ನಾಲ್ಕು, ಒಂಟೆ ಫಲ್ಗುಣಿ ನಾಲ್ಕು, ಎಣ್ಣೆಹೊಳೆ ಮೂರು, ಚಿತ್ರಾವತಿ ಮೂರು, ಕುದುರೆ ದಂಡಾವತಿ ಎರಡು, ಇನ್ನೊಂದು ಕುದುರೆ ಫಲ್ಗುಣಿ ಮೂರು, ಒಂಟೆ ಹಿಂದೆ ಸರಿದು ಘಟಪ್ರಭಾ ಮೂರು. ಹುಡುಗ ಅಷ್ಟರಲ್ಲಿ ದಂಡಾವತಿ ಐದು, ಕುದುರೆ ಫಲ್ಗುಣಿ ಆರು, ಚಿತ್ರಾವತಿ ಐದು, ಕುದುರೆ ಚಿತ್ರಾವತಿ ಆರು, ಎಣ್ಣೆಹೊಳೆ ಆರು, ಒಂಟೆ ದಂಡಾವತಿ ಆರು ಎಂದು ಆಡಿ, ಏಳನೆಯ ನಡೆಯಲ್ಲಿ ರಾಜನನ್ನು ಕೋಟೆಗೆ ಸೇರಿಸಿದ್ದ. ಎಂಟನೆಯದರಲ್ಲಿ ಬಿಳಿಯ ಉಳಿದ ಒಂಟೆ ದಂಡಾವತಿ ಮೂರಕ್ಕೆ ಬಂದಿತು. ಹುಡುಗ ಘಟಪ್ರಭಾ ಮೂರರಲ್ಲಿದ್ದ ಒಂಟೆಯನ್ನು ಹೊಡೆದ. ಅಣ್ಣನವರು ಹೇಮಾವತಿಯ ಕಾಲಾಳಿನಿಂದ ತಿರುಗಿ ಹೊಡೆದರು. ಇದರಿಂದ ಹೇಮಾವತಿಯ ಸಾಲು ತೆರೆದು, ಮೂಲೆಯ ಆನೆಗೆ ಕದಲದೆಯೇ ದಾರಿಯಾಯಿತು. ಹುಡುಗ ಭದ್ರಾ ಆರು ಎಂದು ಕಾಲಾಳನ್ನು ಸರಿಸಿದ. ಹತ್ತನೆಯ ನಡೆಯಲ್ಲಿ ಬಿಳಿಯ ಕುದುರೆ ಎಣ್ಣೆಹೊಳೆ ಐದರಲ್ಲಿ, ಅಂದರೆ ಅದರ ನಿಜವಾದ ನೆಲೆಯಲ್ಲಿ, ನಿಂತಿತು. ಹುಡುಗ ತನ್ನ ಒಂಟೆಯನ್ನು ಭದ್ರಾ ಏಳಕ್ಕೆ ತಂದ.

‘ಆಗ ನನಗೆ ಆ ಮೂಲೆಯ ಆನೆ ಕಂಡಿತು ಕಣಯ್ಯಾ’ ಎಂದರು ಅಣ್ಣನವರು.

ಹನ್ನೊಂದನೆಯ ನಡೆ: ಒಂಟೆ ಹೇಮಾವತಿ ಏಳರ ಕಾಲಾಳನ್ನು ಹೊಡೆದು ಚೆಕ್. ರಾಜ ಒಂಟೆಯನ್ನು ಹೊಡೆಯಲಾರ, ಏಕೆಂದರೆ ಹಿಂದೆ ಆನೆಯ ಆಸರೆ ಇದೆ. ಫಲ್ಗುಣಿ ಆರರ ಕುದುರೆ ಅದನ್ನು ಹೊಡೆಯಿತು. ಹೊಡೆದ ಕ್ಷಣದಲ್ಲೇ ಅದು ಕಾಯುತ್ತಿದ್ದ ಹೇಮಾವತಿ ಐದು ಬಯಲಾಯಿತು. ಹನ್ನೆರಡನೆಯ ನಡೆಯಲ್ಲಿ ಬಿಳಿಯ ಮಂತ್ರಿ ಅಲ್ಲಿಗೇ ಬಂದಳು. ಹೇಮಾವತಿ ಏಳರಲ್ಲಿ ಮೇಟ್ ಬೆದರಿಕೆ. ಹುಡುಗ ಬಹಳ ಯೋಚಿಸಿ, ರಾಜನಿಗೆ ದಾರಿ ಮಾಡಲು ಆನೆಯನ್ನು ಎಣ್ಣೆಹೊಳೆ ಎಂಟಕ್ಕೆ ಸರಿಸಿದ. ಮಂತ್ರಿ ಫಲ್ಗುಣಿ ಏಳರ ಕಾಲಾಳನ್ನು ಹೊಡೆದು ಚೆಕ್. ಕುದುರೆಯ ಆಸರೆಯಿರುವುದರಿಂದ ಅವಳನ್ನು ಮುಟ್ಟುವಂತಿಲ್ಲ. ರಾಜ ಮೂಲೆಗೆ ಓಡಿದ. ಕುದುರೆ ಘಟಪ್ರಭಾ ಆರಕ್ಕೆ ಹಾರಿತು. ಮೇಟ್. ಹದಿನಾಲ್ಕು ನಡೆಗಳು.

ತಡವಾಗಿ ಮದುವೆಯಾದ ಮಗಳ ಸುದ್ದಿ ಹೇಳುವಾಗ ಇದ್ದ ದನಿಯಲ್ಲೇ ಅವರು ಈ ಹದಿನಾಲ್ಕು ನಡೆಗಳನ್ನು ಹೇಳಿದರು. ಹುಡುಗ ಫೋನು ತೆಗೆದುಕೊಂಡು, ‘ಚಿಕ್ಕತಾತ, ನಾನು ಬಿಟ್ಟುಕೊಡಲಿಲ್ಲ, ನಿಜವಾಗಿಯೂ’ ಎಂದ. ಹಿಂದಿನಿಂದ ಅಣ್ಣನವರು, ‘ಅವನಿಗೆ ಬಿಟ್ಟುಕೊಡಲೂ ಬರುವುದಿಲ್ಲ’ ಎಂದದ್ದು ನನಗೆ ಕೇಳಿಸಿತು. ಅತ್ತಿಗೆಯವರ ನಗುವೂ ಕೇಳಿಸಿತು.

ಇಂತಹ ಆಟಗಳು ನಿತ್ಯ ಬರುವುದಿಲ್ಲ. ಲಂಡನ್ ಪದ್ಧತಿಯಿಂದ ಬಿಳಿಗೆ ದೊಡ್ಡ ಲಾಭವೇನೂ ಸಿಗುವುದಿಲ್ಲ. ಕಪ್ಪು ಜಾಗರೂಕತೆಯಿಂದ ಆಡಿದರೆ ಸಮಬಲ ಸಾಧಿಸಬಹುದು. ಎದುರಾಳಿ ಏನು ಮಾಡುತ್ತಿದ್ದಾನೆಂದು ನೋಡದೆ ಎಂಟು ನಡೆಗಳನ್ನು ಯಂತ್ರದಂತೆ ಇಡುವವನಿಗೆ ಇದು ಬೇಸರದ ಆಟವೇ ಸರಿ. ಆದರೆ ಇದು ದುರ್ಬಲರ ಆಟವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ೨೦೨೩ರ ಏಪ್ರಿಲ್‌ನಲ್ಲಿ ಕಜಕಸ್ತಾನದ ಅಸ್ತಾನಾದಲ್ಲಿ ನಡೆದ ವಿಶ್ವಚಾಂಪಿಯನ್ ಪಂದ್ಯದಲ್ಲಿ ಚೀನಾದ ಡಿಂಗ್ ಲಿರೆನ್ ಐದು ಆಟಗಳಾದ ಮೇಲೆ ಒಂದು ಅಂಕ ಹಿಂದಿದ್ದರು. ಆರನೆಯ ಆಟದಲ್ಲಿ ಅವರು ಆರಿಸಿಕೊಂಡದ್ದು ಈ ಪದ್ಧತಿಯನ್ನೇ. ರಷ್ಯಾದ ನೆಪೋಮ್ನಿಯಾಷಿ ಅವರ ರಾಜನನ್ನು ಬಲೆಯಲ್ಲಿ ಸಿಲುಕಿಸಿ ಆ ಆಟವನ್ನು ಗೆದ್ದು ಸಮ ಮಾಡಿಕೊಂಡರು. ಕೊನೆಗೆ ಟೈಬ್ರೇಕಿನಲ್ಲಿ ಪಟ್ಟವನ್ನೂ ಗೆದ್ದರು. ಮರುವರ್ಷ, ೨೦೨೪ರ ಡಿಸೆಂಬರ್‌ನಲ್ಲಿ, ಸಿಂಗಪುರದಲ್ಲಿ ಚೆನ್ನೈನ ಗುಕೇಶ್ 7½–6½ ಅಂಕಗಳಿಂದ ಡಿಂಗ್ ಅವರನ್ನು ಸೋಲಿಸಿದಾಗ ಅಣ್ಣನವರೂ ನಾನೂ ಪ್ರತಿದಿನದ ಆಟವನ್ನು ನದಿಗಳ ಭಾಷೆಗೆ ತಿರುಗಿಸಿ ಫೋನಿನಲ್ಲಿ ಆಡಿ ನೋಡಿದೆವು.

ನಮ್ಮಿಬ್ಬರ ಲೆಕ್ಕದ ಪುಸ್ತಕವೂ ಇದೆ. ಈವರೆಗೆ ಅಣ್ಣನವರು ಬಿಳಿಯಲ್ಲಿ ಆಡಿದ ಆಟಗಳಲ್ಲಿ ಗೆದ್ದದ್ದಕ್ಕಿಂತ ಸೋತದ್ದು ತುಸು ಹೆಚ್ಚು, ಸಮವಾದದ್ದು ಎರಡಕ್ಕಿಂತಲೂ ಹೆಚ್ಚು. ಕೊಟ್ಟ ಮಾತಿನಂತೆ ಒಂದು ನಡೆಯನ್ನೂ ನಾನು ಬಿಟ್ಟುಕೊಟ್ಟಿಲ್ಲ. ಅದನ್ನು ಪಾಲಿಸುವುದು ಕೆಲವು ದಿನ ಕಷ್ಟವಾಗಿದೆ. ಕಣ್ಣಿನ ಪರೀಕ್ಷೆಗೆ ಹೋಗಿ ಕೆಟ್ಟ ಸುದ್ದಿ ಕೇಳಿ ಬಂದ ಸಂಜೆಯೂ ಅವರು ‘ದಂಡಾವತಿ ನಾಲ್ಕು’ ಎಂದರು. ಆ ದಿನ ಅವರ ಆನೆಯೊಂದು ಕಾವಲಿಲ್ಲದೆ ನಿಂತಿತ್ತು. ನಾನು ಅದನ್ನು ಹೊಡೆದೆ. ಅವರು ‘ಸರಿ’ ಎಂದು ಮುಂದುವರಿದರು. ಹೊಡೆಯದೆ ಬಿಟ್ಟಿದ್ದರೆ ಅವರಿಗೆ ತಕ್ಷಣ ಗೊತ್ತಾಗುತ್ತಿತ್ತು. ಮರುದಿನ ಫೋನು ಬರುತ್ತಿರಲಿಲ್ಲ.

ಗಟ್ಟಿಯಾದ ಆರಂಭದಿಂದ ಸಿಗುವುದು ಇಷ್ಟು: ಮೊದಲ ಎಂಟು ನಡೆಗಳಲ್ಲಿ ಬಿದ್ದುಹೋಗದೆ, ಒಂಬತ್ತನೆಯ ನಡೆಗೆ ತನ್ನ ಬುದ್ಧಿಯಿಂದ ಆಡುವ ಅವಕಾಶ. ಗೆಲುವು ಸೋಲು ಅಲ್ಲಿಂದ ಮುಂದಿನ ಮಾತು. ಹೊಸದಾಗಿ ಕಲಿಯಬಯಸುವವರು ಮೇಲಿನ ನಡೆಗಳನ್ನು ಮಣೆಯ ಮೇಲೆ ಇಟ್ಟು, ಪ್ರತಿಯೊಂದಕ್ಕೂ ಕಾರಣ ಬರೆದುಕೊಳ್ಳಿ. ಮಕ್ಕಳಿಗೆ ಕಲಿಸುವುದಾದರೆ ನದಿಗಳ ಹೆಸರಿನಿಂದ ಕಲಿಸಿ, ಭೂಗೋಳವೂ ಬಂದೀತು.

ಮೊನ್ನೆ ಅಣ್ಣನವರು ಹೊಸ ಬೇಡಿಕೆಯೊಂದನ್ನು ಮುಂದಿಟ್ಟಿದ್ದಾರೆ. ‘ಬಿಳಿಯಲ್ಲಿ ನನಗೊಂದು ಮನೆಯಾಯಿತು. ಕಪ್ಪಿನಲ್ಲಿ ಇನ್ನೂ ಬೀದಿಯಲ್ಲೇ ಇದ್ದೇನೆ. ಏನಾದರೂ ನೋಡು’ ಎಂದರು. ಚಿತ್ರಾವತಿಯ ಕಾಲಾಳನ್ನು ಒಂದು ಮನೆ ಸರಿಸಿ ಆರಂಭಿಸುವ ‘ಕಾರೋ–ಕಾನ್’ ಎಂಬುದೊಂದು ಇದೆ. ಗಟ್ಟಿ ಆಟವೆಂದು ಹೆಸರು ಪಡೆದದ್ದು. ಹೊಸ ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ‘ಚಿತ್ರಾವತಿ ಆರು’ ಎಂದೂ, ಅದರ ಎದುರಿಗೆ ‘ಯಾಕೆ?’ ಎಂದೂ ಬರೆದಿಟ್ಟಿದ್ದೇನೆ.